ಕಂಠೀರವದ ಕೆಳಗೊಂದು ಕೆರೆ

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣವನ್ನು ಜಿಲ್ಲೆಗಳಲ್ಲಿರುವ ನಾವು ಹೆಚ್ಚಾಗಿ ನೋಡಿದ್ದು ಟಿವಿಯಲ್ಲಿ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ತೀರಿಕೊಂಡಾಗ ಅಂತಿಮ ದರ್ಶನಕ್ಕೆ ಜನ ಸೇರಿದ್ದು ಅಲ್ಲೇ. ಸಿದ್ದರಾಮಯ್ಯ 2013ರಲ್ಲೂ 2023ರಲ್ಲೂ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದೂ ಅಲ್ಲೇ. ಓಟದ ಟ್ರ್ಯಾಕು, ಫುಟ್‌ಬಾಲ್ ಮೈದಾನ, ಪಕ್ಕದಲ್ಲೇ ಕಬಡ್ಡಿ, ಬ್ಯಾಸ್ಕೆಟ್‌ಬಾಲ್ ನಡೆಯುವ ಒಳಾಂಗಣ. ಇಷ್ಟೂ ನಿಂತಿರುವುದು ಕೆರೆಯ ಅಂಗಳದಲ್ಲಿ.

ಅದು ಸಂಪಂಗಿ ಕೆರೆ. ಒಂದು ಕಡೆ ಹಳೆಯ ಪೇಟೆ, ಇನ್ನೊಂದು ಕಡೆ 1809ರಲ್ಲಿ ಬ್ರಿಟಿಷರು ಕಟ್ಟಿದ ದಂಡು. ಎರಡರ ನಡುವೆ ಈ ನೀರು. ದಂಡಿನವರು ಇದನ್ನು ಬಳಸಿದರು. ಇದೇ ನೀರನ್ನು ನಂಬಿ ತಿಗಳ ಸಮುದಾಯದವರು ಹೂವು, ತರಕಾರಿ ಬೆಳೆದರು. ದನಗಳು ಕುಡಿದವು, ಅಗಸರು ಬಟ್ಟೆ ಒಗೆದರು.

1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು. ಕೆರೆಯ ಹಣೆಬರಹ ಬದಲಾಗಿದ್ದು ಅಲ್ಲಿಂದ. ಮನೆಗೇ ನೀರು ಬಂದವರಿಗೆ ಕೆರೆ ಬೇಡವಾಯಿತು. ಸುತ್ತಲಿನ ಬಂಗಲೆಯವರಿಗೆ ಅದು ತೊಂದರೆಯಾಗಿ ಕಂಡಿತು. ತೋಟದವರು ಮಾತ್ರ ನೀರು ನಿಲ್ಲಲಿ ಎಂದು ಕೇಳುತ್ತಿದ್ದರು. ಯಾರ ಮಾತು ನಡೆಯಿತು ಎನ್ನುವುದಕ್ಕೆ ಇವತ್ತಿನ ಮೈದಾನವೇ ಉತ್ತರ. ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಕೆರೆ ಬತ್ತಿ, ಆಟದ ಬಯಲಾಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ದೊಡ್ಡ ಕ್ರೀಡಾಂಗಣ ಎದ್ದಿತ್ತು.

ಕೆರೆ ಪೂರ್ತಿ ಹೋಗಿಲ್ಲ. ಆವರಣದ ಬಳಿ ಒಂದು ಸಣ್ಣ ಕಲ್ಯಾಣಿಯಷ್ಟು ಉಳಿದಿದೆ. ಉಳಿಸಿದ್ದು ಯಾವ ಯೋಜನೆಯೂ ಅಲ್ಲ, ಕರಗ. ಪ್ರತಿ ವರ್ಷ ಹಸಿ ಕರಗಕ್ಕೆ ತಿಗಳರು ಅಲ್ಲಿಗೆ ಬರುತ್ತಾರೆ. ತೋಟ ಹೋದರೂ ಹಬ್ಬ ಬಿಟ್ಟಿಲ್ಲ. ಪಕ್ಕದ ಬಡಾವಣೆಯ ಹೆಸರು ಇವತ್ತಿಗೂ ಸಂಪಂಗಿರಾಮನಗರ.

ಕ್ರೀಡಾಂಗಣ ಬೇಡವಿತ್ತು ಎಂದು ನಾವು ಹೇಳುತ್ತಿಲ್ಲ. ಹಳ್ಳಿಯಿಂದ ಬಂದ ಓಟಗಾರರಿಗೆ ಸಿಂಥೆಟಿಕ್ ಟ್ರ್ಯಾಕು ಕಂಡದ್ದೇ ಅಲ್ಲಿ. 2023ರಲ್ಲಿ ಭಾರತ ಕುವೈತ್ ತಂಡವನ್ನು ಮಣಿಸಿ ಸ್ಯಾಫ್ ಕಪ್ ಗೆದ್ದಾಗ ಅಲ್ಲಿ ಎದ್ದ ಕೂಗು ಸುಳ್ಳಲ್ಲ. ಆದರೆ ಈ ಚರಿತ್ರೆ ಬೆಂಗಳೂರಿಗೇ ಮುಗಿದಿಲ್ಲ. ಅಲ್ಲಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದದ್ದು ನಮಗೆಲ್ಲ ಗೊತ್ತು. ಈಗ ಜಿಲ್ಲಾ ಕೇಂದ್ರಗಳ ಸರದಿ. ಸಭೆಯ ನಡಾವಳಿಯಲ್ಲಿ ಯಾವುದಾದರೂ ಕೆರೆಯ ಮುಂದೆ ‘ನಿರುಪಯುಕ್ತ’ ಎಂದು ಬರೆದಿದ್ದರೆ, ಯಾರಿಗೆ ನಿರುಪಯುಕ್ತ ಎಂದು ವರದಿಗಾರರಾದ ನಾವು ಅಲ್ಲೇ ಕೇಳಬೇಕು. ಲಾರಿಗಳು ಮಣ್ಣು ಸುರಿದ ಮೇಲೆ ಕೇಳಿದರೆ ಉಳಿಯುವುದು ಬಡಾವಣೆಯ ಹೆಸರಷ್ಟೇ.