ಯಂತ್ರಕ್ಕಿಂತ ಮೊದಲು ವಯಸ್ಸು: ಶ್ರವಣದೋಷ, ಮಿದುಳು ಮತ್ತು ಚಿತ್ರದುರ್ಗದ ತಾಲೂಕುಗಳು

ಸಾರಾಂಶ
ಹುಟ್ಟಿನಿಂದಲೇ ಕಿವಿ ಕೇಳದ ಮಗುವಿಗೆ ನೆರವಿನ ಉಪಕರಣ ಎಷ್ಟು ಫಲ ಕೊಡುತ್ತದೆ ಎಂಬುದು ಮುಖ್ಯವಾಗಿ ಎರಡು ಸಂಗತಿಗಳಿಂದ ತೀರ್ಮಾನವಾಗುತ್ತದೆ: ದೋಷ ಯಾವ ವಯಸ್ಸಿನಲ್ಲಿ ಪತ್ತೆಯಾಯಿತು, ಆಮೇಲೆ ಮನೆಯಲ್ಲಿ ಯಾವ ಮಾತು ಕಿವಿಗೆ ಬಿತ್ತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲೂಕುಗಳ ಬದುಕನ್ನು ಮುಂದಿಟ್ಟುಕೊಂಡು ಈ ಲೇಖನ ಅವೆರಡನ್ನೂ ಪರಿಶೀಲಿಸುತ್ತದೆ.

1. ಮಿದುಳಿನ ಗಡುವು
ಒಳಕಿವಿಯ ಕಾಕ್ಲಿಯಾದಲ್ಲಿ ಸದ್ದನ್ನು ನರಸಂಕೇತವಾಗಿಸುವ ಒಳ ರೋಮಕೋಶಗಳು ಸುಮಾರು 3,500. ಮನುಷ್ಯರಲ್ಲಿ ಇವು ಒಮ್ಮೆ ಹಾಳಾದರೆ ಮರಳಿ ಹುಟ್ಟುವುದಿಲ್ಲ. ಕಾಕ್ಲಿಯಾದ ಬುಡ ತಾರಧ್ವನಿಗೆ, ತುದಿ ಮಂದ್ರಧ್ವನಿಗೆ ಸ್ಪಂದಿಸುತ್ತದೆ. ಇದರ ಭೌತಿಕ ಕಾರಣವನ್ನು ಬಿಡಿಸಿ ತೋರಿಸಿದ ವಿಜ್ಞಾನಿ ಬೆಕೆಸಿಗೆ 1961ರ ನೊಬೆಲ್ ಸಂದಿತು. ಕಾಕ್ಲಿಯರ್ ಇಂಪ್ಲಾಂಟ್ ಈ ಹಂಚಿಕೆಯನ್ನೇ ನೆಚ್ಚಿಕೊಂಡಿದೆ: ರೋಮಕೋಶಗಳ ಕೆಲಸವನ್ನು ವಿದ್ಯುದ್ವಾರಗಳಿಗೆ ವಹಿಸಿ ಶ್ರವಣನರವನ್ನು ನೇರವಾಗಿ ಪ್ರಚೋದಿಸುತ್ತದೆ.

ಆದರೆ ನರಕ್ಕೆ ಸಂಕೇತ ಸಿಕ್ಕಮಾತ್ರಕ್ಕೆ ಮಾತು ತಿಳಿಯುವುದಿಲ್ಲ. ಸಂಶೋಧಕಿ ಅನು ಶರ್ಮಾ ಮತ್ತು ಸಂಗಡಿಗರು 2002ರಲ್ಲಿ, ಶ್ರವಣ ಕಾರ್ಟೆಕ್ಸಿನ ಬೆಳವಣಿಗೆಯನ್ನು ಸೂಚಿಸುವ ಪಿ-1 ಅಲೆಯನ್ನು ಅಳೆದು ನೋಡಿದರು. ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಪಡೆದ ಮಕ್ಕಳಲ್ಲಿ ಈ ಅಲೆ ಬಹುಪಾಲು ವಯಸ್ಸಿಗೆ ತಕ್ಕಂತಿತ್ತು. ಏಳು ದಾಟಿದವರಲ್ಲಿ ಬಹುತೇಕ ಹಾಗಿರಲಿಲ್ಲ. ಇಂಪ್ಲಾಂಟ್‌ಗೆ ನೆರವಾಗುವ ರಾಜ್ಯದ ಶ್ರವಣ ಸಂಜೀವಿನಿ ಯೋಜನೆ ಆರು ವರ್ಷದೊಳಗಿನ ಮಕ್ಕಳಿಗಿದೆ. ಆದ್ದರಿಂದ ಐದನೇ ವರ್ಷದಲ್ಲಿ ಬಂದ ಮಗು ಯೋಜನೆಯ ಲೆಕ್ಕದಲ್ಲಿ ಅರ್ಹ, ಮಿದುಳಿನ ಲೆಕ್ಕದಲ್ಲಿ ತಡ.

2. ತವರು ಮತ್ತು ಗಂಡನ ಮನೆಯ ನಡುವೆ
ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಎಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಕ್ರಮ. ಮೊದಲ ಹಂತದ ಒಎಇ ಪರೀಕ್ಷೆಗೆ, ಆರೋಗ್ಯವಂತ ಕಿವಿಯೇ ಹೊರಸೂಸುವ ಕ್ಷೀಣ ಸದ್ದು ಆಧಾರ. ಡೇವಿಡ್ ಕೆಂಪ್ ಇದನ್ನು 1978ರಲ್ಲಿ ವರದಿ ಮಾಡಿದರು. ಅದರಲ್ಲಿ ತೇರ್ಗಡೆಯಾಗದ ಕೂಸಿಗೆ ಬೇರಾ ಪರೀಕ್ಷೆ: ನಿದ್ದೆಯಲ್ಲಿರುವ ಮಗುವಿನ ಹಣೆಗೂ ಕಿವಿಯ ಹಿಂಬದಿಗೂ ತಂತಿ ಅಂಟಿಸಿ, ಕ್ಲಿಕ್ ಸದ್ದಿಗೆ ಮಿದುಳುಕಾಂಡ ಕೊಡುವ ಪ್ರತಿಕ್ರಿಯೆಯನ್ನು ದಾಖಲಿಸುತ್ತಾರೆ.

ನಮ್ಮ ಸೀಮೆಯಲ್ಲಿ ಚೊಚ್ಚಲ ಬಾಣಂತನ ತವರಿನಲ್ಲಿ. ಹೊಸದುರ್ಗದ ಸೊಸೆ ಹಿರಿಯೂರಿನ ತವರಿನಲ್ಲಿ ಹೆತ್ತರೆ ಮೊದಲ ತಪಾಸಣೆ ಅಲ್ಲಿ ಆಗಬೇಕು. ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಕೂಸು ಗಂಡನ ಮನೆ ಸೇರುತ್ತದೆ. ಬೇರಾ ಆಗಬೇಕಾದ ಹೊತ್ತೂ ಅದೇ. ಒಬ್ಬ ಆಶಾ ಕಾರ್ಯಕರ್ತೆಯ ಪಟ್ಟಿಯಿಂದ ಇನ್ನೊಬ್ಬರ ಪಟ್ಟಿಗೆ ಮಗು ಸರಿಯುವಾಗ ಮರುಪರೀಕ್ಷೆಯ ಚೀಟಿ ತಪ್ಪಿಹೋಗುವ ಅಪಾಯವಿದೆ. ಮುಂದಿನ ಉನ್ನತ ತಪಾಸಣೆಗೆಂದು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ (ಸ್ಥಾಪನೆ 1965) ಹೋಗಬೇಕಾದರೆ ಚಿತ್ರದುರ್ಗದಿಂದ 200 ಕಿ.ಮೀ.ಗೂ ಮೀರಿದ ಪ್ರಯಾಣ. ಒಂದು ದಿನದ ಕೂಲಿಯೂ ಹೋಯಿತು.

ಸೋದರಮಾವ, ಅತ್ತೆಮಗ ಮೊದಲಾದ ರಕ್ತಸಂಬಂಧದ ಮದುವೆಗಳನ್ನೂ ಇಲ್ಲಿ ಗಣಿಸಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಇವು ಸುಮಾರು ಶೇ. 27. ಹುಟ್ಟು ಶ್ರವಣದೋಷಕ್ಕೆ ಕಾರಣವಾಗುವ ಜಿಜೆಬಿ2 ವಂಶವಾಹಿಯ ದೋಷ ಹೆಚ್ಚಾಗಿ ತಂದೆ, ತಾಯಿ ಇಬ್ಬರಿಂದಲೂ ಬಂದಾಗ ಪ್ರಕಟವಾಗುತ್ತದೆ. ಒಂದೇ ಮನೆತನದಲ್ಲಿ ಆ ಸಾಧ್ಯತೆ ಹೆಚ್ಚು.

3. ಉಪಕರಣಕ್ಕೆ ಭಾಷೆಯಿಲ್ಲ, ಮನೆಗಿದೆ
ಉಪಕರಣ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಲಿಂಗ್ ಪರೀಕ್ಷೆ ಸಾಕು. ತುಟಿ ಕಾಣದಂತೆ ತಾಯಿ ಮಗುವಿನ ಹಿಂದೆ ಕೂತು ಆ, ಈ, ಊ, ಮ್, ಶ್, ಸ್ ಎಂಬ ಆರು ಸದ್ದುಗಳನ್ನು ಒಂದೊಂದಾಗಿ ಹೇಳುತ್ತಾಳೆ. ಕೇಳಿದ ಕೂಡಲೇ ಮಗು ಬಟ್ಟಲಿಗೊಂದು ಹುಣಸೆಬೀಜ ಹಾಕಬೇಕು. ‘ಮ್’ಗೆ ಬೀಜ ಬಿದ್ದು ‘ಸ್’ಗೆ ಬೀಳದಿದ್ದರೆ ತಾರಧ್ವನಿ ತಲುಪುತ್ತಿಲ್ಲವೆಂದೇ ಅರ್ಥ, ಆಡಿಯಾಲಜಿಸ್ಟ್ ಬಳಿ ಹೋಗಿ ಮ್ಯಾಪಿಂಗ್ (ಇಂಪ್ಲಾಂಟ್‌ನ ವಿದ್ಯುದ್ವಾರಗಳ ಹೊಂದಾಣಿಕೆ) ಸರಿಪಡಿಸಿಕೊಳ್ಳಬೇಕು.

ಕನ್ನಡದ ವ್ಯಾಕರಣ ಬಹುಪಾಲು ಪದದ ಕೊನೆಯಲ್ಲಿ ಕೂತಿದೆ. ‘ಹೊಲಕ್ಕೆ’, ‘ಹೊಲದಿಂದ’, ‘ಹೊಲದಾಗೆ’. ‘ಬಂದ’, ‘ಬಂದ್ಳು’, ‘ಬಂತು’. ಆಡುಮಾತಿನ ಓಟದಲ್ಲಿ ಈ ತುದಿಗಳೇ ಮೊದಲು ಮಸುಕಾಗುತ್ತವೆ. ಆದ್ದರಿಂದ ಇಂಗ್ಲಿಷಿನ ಪದಪಟ್ಟಿ ಅನುವಾದಿಸಿ ತರಬೇತಿ ಕೊಟ್ಟರೆ ಸಾಲದು. ಇನ್ನು ಹೊಳಲ್ಕೆರೆ ಭಾಗದ ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಹಿರಿಯೂರಿನ ಎಷ್ಟೋ ಹಳ್ಳಿಗಳಲ್ಲಿ ತೆಲುಗು. ಅಲ್ಲಿ ಚಿಕಿತ್ಸಕರು ಪುಸ್ತಕದ ಕನ್ನಡವನ್ನೇ ಕಲಿಸಿದರೆ ದಿನಕ್ಕೊಂದು ಗಂಟೆಯ ಪಾಠ ಒಂದು ಭಾಷೆಯಲ್ಲಿ, ಉಳಿದ ಹೊತ್ತಿನ ಬದುಕು ಇನ್ನೊಂದರಲ್ಲಿ ನಡೆಯುತ್ತದೆ.

ವಾಗ್ದೋಷದ ತಂತ್ರಜ್ಞಾನಕ್ಕೂ ಇದೇ ಮಾತು ಅನ್ವಯಿಸುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ತಂಡ, ಮಾತು ಕಳೆದುಕೊಂಡವರೊಬ್ಬರ ಮಿದುಳಿನ ಸಂಕೇತಗಳನ್ನು ನಿಮಿಷಕ್ಕೆ 62 ಪದಗಳ ವೇಗದಲ್ಲಿ ಪಠ್ಯವಾಗಿಸಿತು. ಆ ಪದಗಳು ಇಂಗ್ಲಿಷಿನವು. ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಉಪಭಾಷಾ ಧ್ವನಿಸಂಗ್ರಹಕ್ಕೆ ಕೈಹಾಕಿದ್ದು ಈ ಕಾರಣಕ್ಕೆ ಮುಖ್ಯ.

4. ಸಮಾರೋಪ
ಮೂರು ಕ್ರಮಗಳು ಕೂಡಲೇ ಸಾಧ್ಯ. ಒಎಇ ಫಲಿತಾಂಶ ಮತ್ತು ಮರುಪರೀಕ್ಷೆಯ ದಿನಾಂಕವನ್ನು ತಾಯಿ ಕಾರ್ಡಿನಲ್ಲೇ ಬರೆದರೆ ಅದು ಬಾಣಂತಿಯ ಜೊತೆಗೇ ಊರಿಂದೂರಿಗೆ ಹೋಗುತ್ತದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಲಿಂಗ್ ಪರೀಕ್ಷೆ ಕಲಿಸಬಹುದು, ಅದಕ್ಕೆ ಖರ್ಚಿಲ್ಲ. ತರಬೇತಿಯ ಪಠ್ಯವನ್ನು ಆಯಾ ಮನೆಮಾತಿನಲ್ಲೇ ರೂಪಿಸಬೇಕು. ಶಸ್ತ್ರಚಿಕಿತ್ಸೆಗಳ ಸಂಖ್ಯೆಯ ಜೊತೆಗೆ, ಮೂರೂವರೆ ವರ್ಷದೊಳಗೆ ಆದವು ಎಷ್ಟು ಎಂಬುದನ್ನೂ ತಾಲೂಕುವಾರು ಪ್ರಕಟಿಸಿದಾಗಲೇ ಯೋಜನೆಯ ಯಶಸ್ಸನ್ನು ಅಳೆಯಲು ಬರುತ್ತದೆ.