ಸೂಜಿಯಿಲ್ಲದ ಇಂಜೆಕ್ಷನ್

ಅರವತ್ತು ದಾಟಿದವರ ತೋಳನ್ನು ಗಮನಿಸಿ. ದುಂಡನೆಯ ಹಳೆಯ ಕಲೆಯೊಂದು ಕಂಡೀತು. ಸಿಡುಬಿಗೆ ಲಸಿಕೆ ಹಾಕಿಸಿಕೊಂಡ ಗುರುತು ಅದು. ತೋಳಿನ ಮೇಲೆ ಲಸಿಕೆಯ ಹನಿಯಿಟ್ಟು, ಸಣ್ಣ ಮುಳ್ಳುಗಳಿದ್ದ ಬಿಲ್ಲೆಯನ್ನು ಅದರ ಮೇಲೊತ್ತಿ ತಿರುಗಿಸುತ್ತಿದ್ದರು. ಲಸಿಕೆಯವರು ಬಂದರೆಂದರೆ ಮಕ್ಕಳು ಓಡಿಹೋಗಿ ಅಡಗಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ.

1967ರಲ್ಲಿ ಇದೇ ಸಿಡುಬಿನ ವಿರುದ್ಧ ಪಶ್ಚಿಮ ಮತ್ತು ಮಧ್ಯ ಆಫ್ರಿಕದ 20 ದೇಶಗಳಲ್ಲಿ ಆಂದೋಲನ ಶುರುವಾದಾಗ ದೃಶ್ಯವೇ ಬೇರೆ. ಜನ ಸಾಲಾಗಿ ಬರುತ್ತಿದ್ದರು. ಪಿಸ್ತೂಲಿನಂಥ ಸಾಧನವನ್ನು ತೋಳಿಗೆ ಒತ್ತಿ ಟ್ರಿಗರ್ ಎಳೆದರೆ ಕೆಲಸ ಮುಗಿಯಿತು. ಸೂಜಿಯೇ ಇಲ್ಲ! ಗಂಟೆಗೆ ಸುಮಾರು ಸಾವಿರ ಮಂದಿಗೆ ಲಸಿಕೆ ಹಾಕಬಹುದಾಗಿತ್ತು.

ಇದೇ ಜೆಟ್ ಇಂಜೆಕ್ಟರ್. ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದು ಗಿಡಗಳಿಗೆ ನೀರು ಹಾಯಿಸಿದವರಿಗೆ ಇದರ ತತ್ವ ಗೊತ್ತೇ ಇದೆ. ಸ್ಪ್ರಿಂಗ್ ಅಥವಾ ಒತ್ತಡದಲ್ಲಿಟ್ಟ ಅನಿಲದ ಬಲದಿಂದ ಔಷಧವನ್ನು ಕೂದಲೆಳೆಯಂಥ ರಂಧ್ರದ ಮೂಲಕ ಚಿಮ್ಮಿಸುತ್ತಾರೆ. ಸೆಕೆಂಡಿಗೆ 100 ಮೀಟರಿಗೂ ಮಿಗಿಲಾದ ವೇಗದ ಆ ಧಾರೆ ತಾನೇ ಸೂಜಿಯಾಗಿ ಚರ್ಮವನ್ನು ಹೊಕ್ಕುತ್ತದೆ.

ಇಂಥದೊಂದು ಸಾಧನ 1866ರಲ್ಲೇ ಪ್ಯಾರಿಸಿನ ವೈದ್ಯಕೀಯ ಅಕಾಡೆಮಿಯ ಮುಂದೆ ಬಂದಿತ್ತು. ಆಮೇಲೆ ಬಹುತೇಕ ಮರೆತೇ ಹೋಯಿತು. ಅದಕ್ಕೆ ಮರುಜನ್ಮ ಕೊಟ್ಟದ್ದು 1930ರ ದಶಕದ ಅಮೆರಿಕದ ಕಾರ್ಖಾನೆಗಳು. ಒತ್ತಡದ ಡೀಸೆಲ್ ಕೊಳವೆ ಸೋರಿದಾಗ ಎಣ್ಣೆ ಕಾರ್ಮಿಕರ ಕೈಯೊಳಕ್ಕೇ ನುಗ್ಗುತ್ತಿತ್ತು. ಮೇಲೆ ದೊಡ್ಡ ಗಾಯ ಕಾಣುತ್ತಿರಲಿಲ್ಲ. ಕೆಲಸಗಾರನ ಅಪಘಾತ ಎಂಜಿನಿಯರನಿಗೆ ಉಪಾಯ ಹೊಳೆಯಿಸಿತು. ಮಾರ್ಷಲ್ ಲಾಕ್‌ಹಾರ್ಟ್ ಎಂಬಾತನಿಗೆ 1943ರಲ್ಲಿ ಪೇಟೆಂಟ್ ಸಿಕ್ಕಿತು. 1947ರಲ್ಲಿ ರಾಬರ್ಟ್ ಹಿಂಗ್ಸನ್ ಎಂಬ ವೈದ್ಯರು ಸಹೋದ್ಯೋಗಿಯೊಡನೆ 'ಹೈಪೋಸ್ಪ್ರೇ' ಬಳಕೆಯ ಫಲಿತಾಂಶ ಪ್ರಕಟಿಸಿದರು. ಸಾವಿರಾರು ಸೈನಿಕರಿಗೆ ಬೇಗ ಬೇಗ ಲಸಿಕೆ ಹಾಕಬೇಕಿದ್ದ ಅಮೆರಿಕದ ಸೇನೆಗೆ ಇದು ಹೇಳಿ ಮಾಡಿಸಿದಂತಿತ್ತು. ಸೇನೆಯ ಆರನ್ ಇಸ್ಮಾಕ್ ರೂಪಿಸಿದ 'ಪೆಡ್-ಒ-ಜೆಟ್' ಕಾಲಿನಿಂದ ಪೆಡಲ್ ತುಳಿದರೆ ಸಾಕು, ವಿದ್ಯುತ್ ಬೇಡ. ಆಫ್ರಿಕಕ್ಕೆ ಹೋದದ್ದು ಇದೇ.

1970ರ ಹೊತ್ತಿಗೆ ಆ 20 ದೇಶಗಳಲ್ಲಿ ಸಿಡುಬು ನಿಂತಿತು. ಆದರೆ ಯಂತ್ರ ಕೆಟ್ಟರೆ ರಿಪೇರಿಯವರು ಬೇಕು, ಬಿಡಿಭಾಗ ಬೇಕು. ಮನೆಮನೆ ಸುತ್ತುವ ಕೆಲಸಕ್ಕೆ ಅದು ಒಗ್ಗಲಿಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಹೋರಾಟ ನಡೆದದ್ದು ಬೆಂಜಮಿನ್ ರೂಬಿನ್ ರೂಪಿಸಿದ ಕವಲು ಸೂಜಿಯಿಂದ. ಹೊಲಿಗೆ ಯಂತ್ರದ ಸೂಜಿಯ ಕಣ್ಣನ್ನು ಅರ್ಧಕ್ಕೆ ಕತ್ತರಿಸಿದಂಥ ಎರಡು ಮೊನೆಯ ತುಂಡು ಅದು. ಲಸಿಕೆ ಕಾಲು ಪಾಲು ಸಾಕು, ಕುದಿಸಿ ಮತ್ತೆ ಬಳಸಬಹುದು. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಪ್ರಕರಣ ದಾಖಲಾಯಿತು. ಬಿಡಿಗಾಸಿನ ಸೂಜಿ ಯಂತ್ರವನ್ನು ಹಿಂದೆ ಹಾಕಿತ್ತು.

ಯಂತ್ರದ ನಿಜವಾದ ದೋಷ ಬೇರೆಯೇ ಇತ್ತು. ಸೂಜಿಯಿಲ್ಲ, ಆದ್ದರಿಂದ ಸೋಂಕಿಲ್ಲ ಎಂದು ನಂಬಿದ್ದರು. ಆದರೆ ಧಾರೆ ಚರ್ಮಕ್ಕೆ ಬಡಿದಾಗ ರಕ್ತದ ಕಣ್ಣಿಗೆ ಕಾಣದಷ್ಟು ಅಂಶ ಹಿಂದಕ್ಕೆ ಸಿಡಿದು ಸಾಧನದ ಮೂತಿಗೆ ಅಂಟಬಲ್ಲದು. ಸಾಲಿನ ಮುಂದಿನವನ ತೋಳಿಗೆ ಒತ್ತುವುದು ಅದೇ ಮೂತಿಯನ್ನೇ! 1984-85ರಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚ್‌ನಲ್ಲಿ ತೂಕ ಇಳಿಸುವ ಚಿಕಿತ್ಸಾಲಯವೊಂದಕ್ಕೆ ಹೋದ 31 ಮಂದಿಗೆ ಹೆಪಟೈಟಿಸ್-ಬಿ ಬಂತು. ತನಿಖೆ ಬೆರಳು ತೋರಿಸಿದ್ದು ಜೆಟ್ ಇಂಜೆಕ್ಟರಿನ ಕಡೆಗೆ. ಸಾಧಾರಣ ಸಿರಿಂಜಿನಿಂದಷ್ಟೇ ಚುಚ್ಚಿಸಿಕೊಂಡವರಿಗೆ ರೋಗ ತಗುಲಿರಲಿಲ್ಲ. ಆದರೂ ಅಮೆರಿಕದ ಸೇನೆ ಇಂಥ ಸಾಧನಗಳನ್ನು ಕೈಬಿಟ್ಟದ್ದು 1997ರಲ್ಲಿ. ಅಷ್ಟು ವರ್ಷ ತಡ ಏಕಾಯಿತೋ!

ಆನಂತರದ ಎಂಜಿನಿಯರುಗಳು ಗಮನ ಕೊಟ್ಟದ್ದು ಮೂತಿಯ ಕಡೆಗೆ. ಒಬ್ಬರಿಗೆ ಬಳಸಿದ ಸಿರಿಂಜನ್ನು, ಅದರ ಮೂತಿಯ ಸಮೇತ, ಎಸೆಯಬೇಕು. ಯಂತ್ರದ ಹಿಡಿ ಮಾತ್ರ ಉಳಿಯುತ್ತದೆ. ಈ ನಡುವೆ 2011ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೋಪಾಲನ್ ಜಗದೀಶ್ ಮತ್ತು ಸಂಗಡಿಗರು ಸೂಕ್ಷ್ಮ ಆಘಾತ ತರಂಗದಿಂದ ಇಲಿಗಳಿಗೆ ಲಸಿಕೆ ಕೊಟ್ಟು ತೋರಿಸಿದರು. 2021ರ ಆಗಸ್ಟ್‌ನಲ್ಲಿ ಭಾರತ ತುರ್ತು ಬಳಕೆಗೆ ಅನುಮತಿಸಿದ ಝೈಡಸ್ ಕಂಪನಿಯ ಕೋವಿಡ್ ಲಸಿಕೆ 'ಝೈಕೋವ್-ಡಿ'ಯನ್ನು ಸೂಜಿಯಿಲ್ಲದೆಯೇ ಕೊಡಬೇಕಿತ್ತು. 28 ದಿನಗಳ ಅಂತರದಲ್ಲಿ ಮೂರು ಡೋಸ್, ಪ್ರತಿ ಸಲವೂ ಎರಡೂ ತೋಳಿಗೆ.