ಹೊಳೆ ದಾಟಿಸಿದ ಅಂಬಿಗರು: ಐರ್ಲೆಂಡಿನ ಪೀಟ್ ಕಾರ್ಮಿಕರ ಕಥೆ

ಪ್ರೌಢಶಾಲೆಯ ಭೂಗೋಳ ಪಾಠದಲ್ಲಿ ಕಲ್ಲಿದ್ದಲಿನ ಬಗೆಗಳನ್ನು ಹೇಳುವಾಗ ಆಂಥ್ರಾಸೈಟ್, ಬಿಟುಮಿನಸ್, ಲಿಗ್ನೈಟ್, ಪೀಟ್ ಎಂದು ನಾಲ್ಕು ಹೆಸರುಗಳನ್ನು ಕ್ರಮವಾಗಿ ಬರೆಸುವುದು ವಾಡಿಕೆ. ಕೊನೆಯದಾದ ಪೀಟ್‌ಗೆ ಸಿಗುತ್ತಿದ್ದುದು ಒಂದೇ ವಾಕ್ಯ: ಇದು ಕಲ್ಲಿದ್ದಲಾಗುವ ಮೊದಲ ಹಂತ; ಹೊಗೆ ಹೆಚ್ಚು, ಶಾಖ ಕಡಿಮೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಂದು ಅಂಕ ಗಳಿಸುತ್ತಿದ್ದರು. ಆ ಒಂದು ಅಂಕದ ಪದಾರ್ಥವನ್ನೇ ನೆಚ್ಚಿಕೊಂಡು ಯುರೋಪಿನ ಒಂದು ಪುಟ್ಟ ದೇಶ ತನ್ನ ದೀಪಗಳನ್ನು ಉರಿಸಿತು, ಕಾರ್ಮಿಕರಿಗಾಗಿ ಊರುಗಳನ್ನು ಕಟ್ಟಿತು. ಮುಕ್ಕಾಲು ಶತಮಾನ ಕಳೆದ ಮೇಲೆ ಆ ಉದ್ಯಮವನ್ನು ನಿಲ್ಲಿಸಿತು. ಆ ದೇಶ ಐರ್ಲೆಂಡ್. ನಿಲ್ಲಿಸಿದ್ದು ಸರಿಯೇ ಎಂಬ ಪ್ರಶ್ನೆಗೆ ಉತ್ತರ ಸುಲಭ. ಆ ಕೆಲಸವನ್ನೇ ಬದುಕಾಗಿಸಿಕೊಂಡಿದ್ದವರ ಋಣ ತೀರಿತೇ ಎಂಬ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಈ ಲೇಖನದ ವಿಷಯ ಎರಡನೆಯ ಪ್ರಶ್ನೆ.

ಮೊದಲು ಪೀಟ್ ಎಂದರೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಮಳೆ ಹೆಚ್ಚಾಗಿ, ನೀರು ಬಸಿದು ಹೋಗದೆ ನಿಲ್ಲುವ ತಂಪು ಪ್ರದೇಶಗಳಲ್ಲಿ ಸ್ಫ್ಯಾಗ್ನಮ್ ಎಂಬ ಪಾಚಿಯೂ ಇತರ ಜೌಗು ಸಸ್ಯಗಳೂ ಬೆಳೆದು ಸಾಯುತ್ತವೆ. ನೀರಿನೊಳಗೆ ಗಾಳಿಯ ಆಸರೆ ಇಲ್ಲದ ಕಾರಣ ಅವು ಪೂರ್ತಿ ಕೊಳೆಯುವುದಿಲ್ಲ. ಪದರದ ಮೇಲೆ ಪದರವಾಗಿ ಕೂಡುತ್ತಾ ಹೋಗುತ್ತವೆ. ಹೀಗೆ ಕೂಡುವ ವೇಗ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಎಂಟು ಹತ್ತು ಮೀಟರ್ ಆಳದ ಪೀಟ್ ನೆಲವೆಂದರೆ ಎಂಟು ಹತ್ತು ಸಾವಿರ ವರ್ಷಗಳ ಶೇಖರಣೆ ಎಂದರ್ಥ. ಭೂಮಿಯ ನೆಲದಲ್ಲಿ ಶೇಕಡಾ 3ರಷ್ಟು ಮಾತ್ರ ಇರುವ ಈ ಜೌಗುಗಳು ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟುಕೊಂಡಿವೆ ಎಂದು ವಿಜ್ಞಾನಿಗಳು ಹೇಳುತ್ತಾರೆ.

ಗಾಳಿ ಸೇರದ ಈ ನೆಲ ಇಂಗಾಲವನ್ನಷ್ಟೇ ಕಾಪಾಡಲಿಲ್ಲ. 2003ರಲ್ಲಿ ಆಫಲಿ ಮತ್ತು ಮೀದ್ ಕೌಂಟಿಗಳ ಪೀಟ್ ನೆಲದಿಂದ ಎರಡು ಸಾವಿರ ವರ್ಷಕ್ಕೂ ಹಿಂದಿನ ಇಬ್ಬರು ಮನುಷ್ಯರ ದೇಹಗಳು ಚರ್ಮ, ಉಗುರುಗಳ ಸಮೇತ ಹೊರಬಂದವು. ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಅವನ್ನು ಇರಿಸಲಾಗಿದೆ. ಆಫಲಿಯ ಲಾಕ್ ಬೋರಾ ಎಂಬಲ್ಲಿ 1977ರಲ್ಲಿ ನಡೆದ ಉತ್ಖನನದಲ್ಲಿ ಎಂಟು ಸಾವಿರ ವರ್ಷಕ್ಕೂ ಹಿಂದಿನ ಬೇಟೆಗಾರರ ಬೀಡಿನ ಕುರುಹುಗಳು ದೊರೆತವು.

ಐರ್ಲೆಂಡಿನ ನೆಲದಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಪೀಟ್. ಕಾಡು ಕಡಿಮೆಯಾಗಿ, ಕಲ್ಲಿದ್ದಲೂ ಅಲ್ಪವಾಗಿದ್ದ ಆ ನಾಡಿನಲ್ಲಿ ಬಡವನ ಒಲೆಗೆ ಇದೇ ಆಧಾರವಾಗಿತ್ತು. 'ಸ್ಲಾನ್' ಎಂಬ ರೆಕ್ಕೆಯುಳ್ಳ ಗುದ್ದಲಿಯಿಂದ ಒದ್ದೆ ಪೀಟನ್ನು ಇಟ್ಟಿಗೆಯಾಕಾರದಲ್ಲಿ ಕತ್ತರಿಸಿ, ಬಿಸಿಲಿಗೆ ಹರವಿ, ನಾಲ್ಕೈದು ತುಂಡುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ ಒಣಗಿಸುತ್ತಿದ್ದರು. ಇದಕ್ಕೆ ಟರ್ಫ್ ಎಂದು ಹೆಸರು. ಜೌಗಿನಲ್ಲಿ ಟರ್ಫ್ ಕಡಿಯುವ ಹಕ್ಕು ಅನೇಕ ರೈತ ಕುಟುಂಬಗಳಿಗೆ ಪಾರಂಪರಿಕವಾಗಿ ಬಂದದ್ದು. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಜೌಗಿಗೆ ಹೋಗಿ ಚಳಿಗಾಲಕ್ಕೆ ಬೇಕಾದುದನ್ನು ಕೂಡಿಟ್ಟುಕೊಳ್ಳುತ್ತಿದ್ದರು.

ಸ್ವಾತಂತ್ರ್ಯಾನಂತರ ಈ ಮನೆಗೆಲಸವು ರಾಷ್ಟ್ರೀಯ ಉದ್ಯಮವಾಯಿತು. ಬ್ರಿಟನ್ನಿನ ಕಲ್ಲಿದ್ದಲಿಗೆ ಕೈಚಾಚುವುದು ತಪ್ಪಬೇಕು, ಸ್ವಂತ ನೆಲದ ಇಂಧನವೇ ದೇಶವನ್ನು ನಡೆಸಬೇಕು ಎಂಬ ಹಂಬಲದಿಂದ 1934ರಲ್ಲಿ ಟರ್ಫ್ ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ಸ್ವಾತಂತ್ರ್ಯ ಹೋರಾಟದಲ್ಲಿ ಬಂದೂಕು ಹಿಡಿದಿದ್ದ ಟಾಡ್ ಆಂಡ್ರ್ಯೂಸ್ ಅದರ ನೇತೃತ್ವ ವಹಿಸಿದರು. ಅವರು ಜರ್ಮನಿ, ಸೋವಿಯತ್ ರಷ್ಯಾಗಳಿಗೆ ಹೋಗಿ ಅಲ್ಲಿನ ಯಂತ್ರಗಳನ್ನು ಕಂಡುಬಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಿಂದ ಬರುತ್ತಿದ್ದ ಕಲ್ಲಿದ್ದಲು ತೀರ ಕಡಿಮೆಯಾದಾಗ ಡಬ್ಲಿನ್ ನಗರದ ಒಲೆಗಳನ್ನು ಉಳಿಸಿದ್ದು ಟರ್ಫ್. ದೂರದ ಊರುಗಳಿಂದ ಬಂದ ಯುವಕರು ಕಿಲ್ಡೇರ್ ಕೌಂಟಿಯ ಶಿಬಿರಗಳಲ್ಲಿ ತಂಗಿ ಟರ್ಫ್ ಕಡಿದರು. ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ರಸ್ತೆಯ ಉದ್ದಕ್ಕೂ ಅದರ ರಾಶಿಗಳು ಬೆಟ್ಟಗಳಂತೆ ನಿಂತಿದ್ದವು.

1946ರಲ್ಲಿ ಆ ಮಂಡಳಿಯ ಸ್ಥಾನದಲ್ಲಿ ಬೋರ್ಡ್ ನ ಮೋನ ಎಂಬ ಸರಕಾರಿ ಸಂಸ್ಥೆ ಬಂತು. ಐರಿಷ್ ಭಾಷೆಯಲ್ಲಿ ಅದರ ಅರ್ಥ ಟರ್ಫ್ ಮಂಡಳಿ ಎಂದೇ. ಮಧ್ಯ ಐರ್ಲೆಂಡಿನ ವಿಶಾಲ ಜೌಗುಗಳಲ್ಲಿ ಮೈಲುಗಟ್ಟಲೆ ಬಸಿಗಾಲುವೆಗಳನ್ನು ತೋಡಿ, ವರ್ಷಗಳ ಕಾಲ ನೀರು ಬಸಿದು, ಯಂತ್ರಗಳನ್ನು ಇಳಿಸಲಾಯಿತು. ಮುಂದೆ ಬಂದ ವಿಧಾನದಲ್ಲಿ ಯಂತ್ರಗಳು ಮೇಲ್ಪದರವನ್ನು ಅರ್ಧ ಅಂಗುಲದಷ್ಟು ಮಾತ್ರ ಕೆರೆದು ಪುಡಿ ಮಾಡುತ್ತಿದ್ದವು. ಅದು ಬಿಸಿಲಿಗೆ ಒಣಗಿದ ಮೇಲೆ ಸಾಲುಗೂಡಿಸಿ ಎತ್ತುತ್ತಿದ್ದರು. ಮಳೆ ಹಿಡಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಆದ್ದರಿಂದ ಕೊಯ್ಲು ಎಂಬ ಮಾತು ಅಲ್ಲಿ ಅಲಂಕಾರಕ್ಕೆ ಹುಟ್ಟಿದ್ದಲ್ಲ. ನಮ್ಮ ರೈತನಂತೆಯೇ ಆ ಕಾರ್ಮಿಕನೂ ಆಕಾಶ ನೋಡಿ ದಿನವನ್ನು ಅಳೆಯುತ್ತಿದ್ದ. ಪೀಟ್ ಸಾಗಿಸಲು ಮೂರಡಿ ಅಗಲದ ಪುಟ್ಟ ರೈಲುಹಳಿಗಳ ಜಾಲ ಹಬ್ಬಿತು. 1950ರಲ್ಲಿ ಪೋರ್ಟಾರ್ಲಿಂಗ್ಟನ್ನಿನಲ್ಲಿ ಪೀಟ್ ಉರಿಸುವ ವಿದ್ಯುತ್ ಸ್ಥಾವರ ಆರಂಭವಾಯಿತು. ಅನಂತರ ಲೇನ್ಸ್‌ಬರೋ, ಶಾನನ್‌ಬ್ರಿಜ್ ಮೊದಲಾದ ಕಡೆಗಳಲ್ಲೂ ಸ್ಥಾವರಗಳು ಎದ್ದವು.

ಕಾರ್ಮಿಕರಿಗಾಗಿ ಫ್ರ್ಯಾಂಕ್ ಗಿಬ್ನಿ ಎಂಬ ವಾಸ್ತುಶಿಲ್ಪಿ ರೂಪಿಸಿದ ವಸತಿಗಳು ಇಂದಿಗೂ ನೋಡುವಂತಿವೆ. ಕಿಲ್ಡೇರಿನ ಕಿಲ್ ಡುವ್, ಆಫಲಿಯ ಕಿಲ್‌ಕಾರ್ಮಾಕ್ ಮುಂತಾದ ಕಡೆ ನಡುವೆ ಹುಲ್ಲಿನ ಬಯಲು ಬಿಟ್ಟು ಸುತ್ತಲೂ ಅಚ್ಚುಕಟ್ಟಾಗಿ ಕಟ್ಟಿದ ಮನೆಗಳು ಅವು. ಹೊಟ್ಟೆಪಾಡಿಗೆ ಹಡಗು ಹತ್ತಿ ಇಂಗ್ಲೆಂಡಿಗೋ ಅಮೆರಿಕಕ್ಕೋ ಹೋಗುವುದೇ ಹಣೆಬರಹವಾಗಿದ್ದ ಕಾಲದಲ್ಲಿ ತನ್ನೂರಿನಲ್ಲೇ ಸಂಬಳ, ತನ್ನದೆನ್ನುವ ಮನೆ ಎಂಬುದು ಸಣ್ಣ ಮಾತಲ್ಲ. ತಂದೆ ಮಾಡಿದ ಕೆಲಸಕ್ಕೆ ಮಗ ಸೇರುವುದು ಅಲ್ಲಿ ಸಾಮಾನ್ಯವಾಯಿತು. ಸ್ಥಾವರದ ಬಿಸಿನೀರಿಗೂ ಒಂದು ಆರ್ಥಿಕತೆ ಇತ್ತು: ಲೇನ್ಸ್‌ಬರೋದಲ್ಲಿ ಶಾನನ್ ನದಿಗೆ ಬೀಳುತ್ತಿದ್ದ ಆ ನೀರಿನ ಬಳಿ ಮೀನುಗಳು ಕೂಡುತ್ತಿದ್ದವು, ಅವನ್ನು ಗಾಳ ಹಾಕಿ ಹಿಡಿಯಲು ಹವ್ಯಾಸಿಗಳು ದೂರದಿಂದ ಬರುತ್ತಿದ್ದರು, ಅವರಿಂದ ಊರಿನ ವಸತಿಗೃಹಗಳು ನಡೆಯುತ್ತಿದ್ದವು.

ಕಾಲ ಬದಲಾಯಿತು. ನೀರು ಬಸಿದ ಪೀಟ್ ನೆಲಕ್ಕೆ ಗಾಳಿ ಹೊಕ್ಕೊಡನೆ ಅದು ಕೊಳೆಯತೊಡಗುತ್ತದೆ; ಸಾವಿರಾರು ವರ್ಷ ಹಿಡಿದಿಟ್ಟಿದ್ದ ಇಂಗಾಲವನ್ನು ಉರಿಸದೆಯೂ ಹೊರಬಿಡುತ್ತದೆ. ಉರಿಸಿದರಂತೂ ಅಷ್ಟೇ ವಿದ್ಯುತ್ತಿಗೆ ಕಲ್ಲಿದ್ದಲಿಗಿಂತಲೂ ಹೆಚ್ಚು ಇಂಗಾಲಾಮ್ಲ. 1992ರ ಯುರೋಪಿನ ಆವಾಸಸ್ಥಾನ ನಿರ್ದೇಶನವು ಅಳಿದುಳಿದ ಜೌಗುಗಳ ರಕ್ಷಣೆಯನ್ನು ಕಡ್ಡಾಯಗೊಳಿಸಿತು. 2011ರಲ್ಲಿ 53 ಸಂರಕ್ಷಿತ ಜೌಗುಗಳಲ್ಲಿ ಟರ್ಫ್ ಕಡಿಯುವುದು ನಿಷೇಧಕ್ಕೆ ಒಳಗಾದಾಗ, ಪಾರಂಪರಿಕ ಹಕ್ಕುಳ್ಳ ಕುಟುಂಬಗಳು ತೀವ್ರವಾಗಿ ಪ್ರತಿಭಟಿಸಿದವು.

ಬೋರ್ಡ್ ನ ಮೋನ ಸಂಸ್ಥೆಗೆ ಮುಂದಿನ ದಾರಿ ಕಾಣದೆ ಇರಲಿಲ್ಲ. ಐರ್ಲೆಂಡಿನ ಮೊದಲ ವಾಣಿಜ್ಯ ಪವನ ವಿದ್ಯುತ್ ಕ್ಷೇತ್ರ 1992ರಲ್ಲಿ ಮೇಯೋ ಕೌಂಟಿಯ ಬೆಲ್ಲಕೋರಿಕ್‌ನಲ್ಲಿ ನಿಂತದ್ದು ಪೀಟ್ ತೆಗೆದು ಬರಿದಾದ ನೆಲದ ಮೇಲೆಯೇ. ಲಾಕ್ ಬೋರಾದ ಬರಿದಾದ ಜೌಗು ಕೆರೆ, ಕಾಲುದಾರಿ, ಹಕ್ಕಿಗಳಿರುವ ಉದ್ಯಾನವಾಯಿತು. ಹಳೆಯ ಹಳಿ, ಬಂಡಿಗಳಿಂದ ಮಾಡಿದ ಶಿಲ್ಪಗಳೂ ಅಲ್ಲಿವೆ. ಆದರೆ ಇವು ಅಲ್ಲೊಂದು ಇಲ್ಲೊಂದು ಪ್ರಯತ್ನಗಳು. ಉದ್ಯಮವೇ ನಿಂತಾಗ ಅದರಲ್ಲಿದ್ದ ಜನರೆಲ್ಲರೂ ಎಲ್ಲಿಗೆ ಹೋಗಬೇಕೆಂಬ ಯೋಜನೆ ಅವುಗಳಲ್ಲಿ ಇರಲಿಲ್ಲ.

ಓದುಗರು ಇಲ್ಲಿ ಇಸವಿಗಳನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಶಾನನ್‌ಬ್ರಿಜ್, ಲೇನ್ಸ್‌ಬರೋಗಳ ಹಳೆಯ ಸ್ಥಾವರಗಳ ಬದಲಿಗೆ ಹೊಸವನ್ನು ಸರಕಾರಿ ವಿದ್ಯುತ್ ಸಂಸ್ಥೆ ಕಟ್ಟಿದ್ದು 2000ರ ದಶಕದ ಮಧ್ಯದಲ್ಲಿ. ವಿದ್ಯುತ್ ಗ್ರಾಹಕರ ಮೇಲಿನ ವಿಶೇಷ ಕರದಿಂದ ಅವಕ್ಕೆ ಸಿಗುತ್ತಿದ್ದ ನೆರವು 2019ರ ಕೊನೆಗೆ ಮುಗಿಯುವುದೆಂಬುದು ಮೊದಲೇ ಗೊತ್ತಿದ್ದ ಸಂಗತಿ. 2015ರಲ್ಲಿ ಬೋರ್ಡ್ ನ ಮೋನ, ಇಂಧನಕ್ಕಾಗಿ ಪೀಟ್ ತೆಗೆಯುವುದನ್ನು 2030ರೊಳಗೆ ನಿಲ್ಲಿಸುವುದಾಗಿ ಸಾರಿತು. 2018ರಲ್ಲಿ ಆ ಗಡುವು 2028ಕ್ಕೆ ಬಂತು. 430 ಹುದ್ದೆಗಳವರೆಗೆ ಹೋಗುವುದೆಂದು ತಿಳಿಸಲಾಯಿತು. 2019ರ ಜುಲೈಯಲ್ಲಿ ಶಾನನ್‌ಬ್ರಿಜ್ ಸ್ಥಾವರವನ್ನು ಹಂತಹಂತವಾಗಿ ಜೈವಿಕ ಇಂಧನಕ್ಕೆ ಬದಲಿಸುವ ಅರ್ಜಿಗೆ ಯೋಜನಾ ಪ್ರಾಧಿಕಾರ ಅನುಮತಿ ನಿರಾಕರಿಸಿತು. ಅದೇ ವರ್ಷದ ನವೆಂಬರಿನಲ್ಲಿ ಎರಡೂ ಸ್ಥಾವರಗಳನ್ನು 2020ರ ಅಂತ್ಯಕ್ಕೆ ಮುಚ್ಚುವ ಘೋಷಣೆ ಬಂತು. ದೊಡ್ಡ ಪ್ರಮಾಣದ ಪೀಟ್ ತೆಗೆಯಲು ಅನುಮತಿ ಬೇಕೆಂಬ ನ್ಯಾಯಾಲಯದ ತೀರ್ಪಿನ ಹಿನ್ನೆಲೆಯಲ್ಲಿ 2020ರ ಜೂನ್‌ನಲ್ಲಿ ಕೊಯ್ಲು ಸ್ಥಗಿತವಾಯಿತು. 2021ರ ಜನವರಿಯಲ್ಲಿ ಸಂಸ್ಥೆ ಅದನ್ನು ಶಾಶ್ವತವಾಗಿ ಕೈಬಿಟ್ಟಿತು. ಹದಿನೈದು ವರ್ಷದ ಅವಕಾಶವಿದೆ ಎಂದು ನಂಬಿದ್ದ ಕಾರ್ಮಿಕನಿಗೆ ದೊರೆತದ್ದು ಐದಾರು ವರ್ಷ.

ಕಾರ್ಮಿಕರ ಪಾಲನ್ನು ನೋಡಿಕೊಳ್ಳಲು ಕೀರನ್ ಮಲ್ವಿ ಎಂಬ ಅನುಭವಿ ಸಂಧಾನಕಾರರನ್ನು 'ನ್ಯಾಯಯುತ ಪರಿವರ್ತನೆಯ ಆಯುಕ್ತ'ರನ್ನಾಗಿ ನೇಮಿಸಲಾಯಿತು. ಯಾವಾಗ? 2019ರ ನವೆಂಬರಿನಲ್ಲಿ, ಅಂದರೆ ಮುಚ್ಚುವ ಘೋಷಣೆಯಾದ ತಿಂಗಳಲ್ಲೇ! ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ನಮ್ಮ ಗಾದೆ ನೆನಪಾಗದೆ ಇರದು. ನ್ಯಾಯಯುತ ಪರಿವರ್ತನೆ ಎಂಬ ವಿಚಾರ ಅಮೆರಿಕದ ಕಾರ್ಮಿಕ ಸಂಘಟನೆಗಳಲ್ಲಿ ಹುಟ್ಟಿ, 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೂ ಸ್ಥಾನ ಪಡೆದದ್ದು. ಇಡೀ ಸಮಾಜದ ಒಳಿತಿಗಾಗಿ ಒಂದು ಉದ್ಯಮ ನಿಂತರೆ ಅದರ ನಷ್ಟವನ್ನು ಆ ಉದ್ಯಮದ ಕಾರ್ಮಿಕರೇ ಹೊರಬಾರದು ಎಂಬುದು ಅದರ ತಿರುಳು.

ಸರಕಾರ ಕೈಕಟ್ಟಿ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಇಂಗಾಲದ ತೆರಿಗೆಯನ್ನು ಟನ್ನಿಗೆ 20 ಯೂರೋಗಳಿಂದ 26ಕ್ಕೆ ಏರಿಸಿದ 2020ರ ಆಯವ್ಯಯದಲ್ಲೇ ಮಧ್ಯಪ್ರಾಂತದ ಸಾರ್ವಜನಿಕ ವಸತಿಗಳಿಗೆ ಚಳಿ ತಡೆಯುವ ದುರಸ್ತಿ ಮಾಡಿಸಲು 2 ಕೋಟಿ ಯೂರೋ ಇಡಲಾಯಿತು. ವಿದ್ಯುತ್ ಸಂಸ್ಥೆಯ ಪಾಲನ್ನೂ ಸೇರಿಸಿ 1.1 ಕೋಟಿ ಯೂರೋಗಳ ನಿಧಿಯೊಂದು ಹುಟ್ಟಿ ಮುಂದೆ ಬೆಳೆಯಿತು. 2022ರ ಡಿಸೆಂಬರಿನಲ್ಲಿ ಯುರೋಪಿಯನ್ ಒಕ್ಕೂಟದ ನೆರವೂ ಕೂಡಿದ 16.9 ಕೋಟಿ ಯೂರೋಗಳ ಯೋಜನೆಗೆ ಒಪ್ಪಿಗೆ ದೊರೆಯಿತು. ಆದರೆ ಹಣ ಬರುವ ವೇಗಕ್ಕೂ ಸಂಬಳ ನಿಲ್ಲುವ ವೇಗಕ್ಕೂ ಅಜಗಜಾಂತರ. ನಿಧಿಯ ಬಹುಪಾಲು ಪ್ರವಾಸೋದ್ಯಮ, ತರಬೇತಿ, ಸಣ್ಣ ಉದ್ದಿಮೆಗಳ ಯೋಜನೆಗಳಿಗೆ ಹೋಗುವಂಥದ್ದು. ಐವತ್ತು ದಾಟಿದ ಯಂತ್ರಚಾಲಕನಿಗೆ ಕಾಲುದಾರಿಯ ಉದ್ಘಾಟನೆಯಿಂದ ಮನೆ ನಡೆಯುವುದಿಲ್ಲ.

ಎಲ್ಲಕ್ಕಿಂತ ಸಾರ್ಥಕವೆನಿಸಿದ ಕೆಲಸವೊಂದಿದೆ. 2020ರ ನವೆಂಬರಿನಲ್ಲಿ ಸರಕಾರ 10.8 ಕೋಟಿ ಯೂರೋಗಳನ್ನು ಜೌಗುಗಳ ಪುನಶ್ಚೇತನಕ್ಕೆ ತೆಗೆದಿಟ್ಟಿತು. ಸುಮಾರು 33,000 ಹೆಕ್ಟೇರ್ ನೆಲವನ್ನು ಮತ್ತೆ ಒದ್ದೆಯಾಗಿಸುವುದು ಗುರಿ. ಪೀಟಿನಿಂದಲೇ ಕಟ್ಟೆ ಕಟ್ಟಿ ಬಸಿಗಾಲುವೆಗಳನ್ನು ಮುಚ್ಚಿ, ನೀರು ನಿಲ್ಲಿಸಿ, ಪಾಚಿ ಮತ್ತೆ ಬೆಳೆಯುವಂತೆ ಮಾಡುವ ಈ ಕೆಲಸ ಬೋರ್ಡ್ ನ ಮೋನದ ಮುನ್ನೂರಕ್ಕೂ ಹೆಚ್ಚು ಮಂದಿಗೆ ದೊರೆಯಿತು. ಯಾವ ಜೌಗು ಎಲ್ಲಿ ಆಳ, ಯಂತ್ರ ಎಲ್ಲಿ ಹೂತುಕೊಳ್ಳುತ್ತದೆ, ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದು ಅವರಷ್ಟು ಬೇರೆ ಯಾರಿಗೆ ತಿಳಿದೀತು? ನೀರು ಬಸಿಯಲು ಕಲಿತ ವಿದ್ಯೆಯೇ ನೀರು ನಿಲ್ಲಿಸಲು ಒದಗಿತು. ಪರಿಹಾರದ ಹಣ ಖರ್ಚಾಗಿ ಹೋಗುತ್ತದೆ. ತಾನು ಬಲ್ಲ ನೆಲದಲ್ಲಿ, ತಾನು ಬಲ್ಲ ಯಂತ್ರದಿಂದ ಮಾಡುವ ಕೆಲಸ ಮನುಷ್ಯನ ಮಾನವನ್ನು ಉಳಿಸುತ್ತದೆ. ಆದರೂ ಕಾಲುವೆ ಮುಚ್ಚಿದ ಮೇಲೆ ಈ ಕೆಲಸವೂ ಮುಗಿಯುವಂಥದ್ದೇ ಎಂಬುದನ್ನು ಮರೆಯುವಂತಿಲ್ಲ.

ಇನ್ನು ತೋಟಗಾರಿಕೆಯ ಮಾತು. ಅಣಬೆ ಬೆಳೆಗೂ ಸಸಿಮಡಿಗಳಿಗೂ ಪೀಟ್ ಬೇಕು. ದೇಶದೊಳಗಿನ ಸರಬರಾಜು ಕುಗ್ಗಿದಾಗ, 2021ರ ಸೆಪ್ಟೆಂಬರಿನಲ್ಲಿ ಲಾಟ್ವಿಯಾದಿಂದ 3,600 ಟನ್ ಪೀಟ್ ಹೊತ್ತ ಹಡಗು ದ್ರೊಹೆಡಾ ಬಂದರಿಗೆ ಬಂತು. ಜೌಗುಗಳ ನಾಡಿಗೆ ಪೀಟ್ ಆಮದು! ತಾನು ಕೊಯ್ಲು ನಿಲ್ಲಿಸಿ ಬೇರೆಯವರ ಕೊಯ್ಲನ್ನು ಕೊಳ್ಳುವುದರಿಂದ ಭೂಮಿಗೇನೂ ಲಾಭವಿಲ್ಲ, ಸ್ವದೇಶದ ಕಾರ್ಮಿಕನಿಗೂ ಇಲ್ಲ. ಇದಕ್ಕೆ ಬದಲಿಯಾಗಿ ಯುರೋಪಿನ ತೋಟಗಾರರು ಬಳಸುವ ವಸ್ತುಗಳಲ್ಲಿ ನಮಗೆ ಪರಿಚಿತವಾದದ್ದೊಂದಿದೆ: ತೆಂಗಿನ ನಾರು ಬಿಡಿಸುವಾಗ ಉದುರುವ ಹುಡಿ. ನಮ್ಮ ನರ್ಸರಿಗಳಲ್ಲಿ ಇಟ್ಟಿಗೆಯಂತೆ ಒತ್ತಿ ಮಾರುವ 'ಕೋಕೋಪೀಟ್' ಅದೇ. ಹೆಸರಿನ ಕೊನೆಯಲ್ಲಿರುವ ಪೀಟ್ ಎಲ್ಲಿಂದ ಬಂತೆಂದು ಈಗ ತಿಳಿಯಿತಷ್ಟೆ. ಭಾರತ, ಶ್ರೀಲಂಕಾಗಳಿಂದ ಅದು ಹಡಗೇರಿ ಹೋಗುತ್ತದೆ.

ಮನೆಬಳಕೆಗೆ ಟರ್ಫ್ ಕಡಿಯುವುದು ಪೂರ್ತಿ ನಿಂತಿಲ್ಲ. 2022ರ ಅಕ್ಟೋಬರ್ ಕೊನೆಯಿಂದ ಜಾರಿಗೆ ಬಂದ ನಿಯಮಗಳು ಅಂಗಡಿಗಳಲ್ಲಿ, ಜಾಹೀರಾತಿನ ಮೂಲಕ ಅದರ ಮಾರಾಟವನ್ನು ತಡೆದವು. ಹಕ್ಕುಳ್ಳವರು ತಮ್ಮ ಒಲೆಗೆ ಕಡಿದುಕೊಳ್ಳುವುದನ್ನು ಬಿಟ್ಟವು. ಈ ರಿಯಾಯಿತಿಯನ್ನು ದೌರ್ಬಲ್ಯವೆಂದು ಟೀಕಿಸಿದವರಿದ್ದಾರೆ. ಬೇರೆ ಉರುವಲಿಗೆ ಕೈಯಲ್ಲಿ ಕಾಸಿಲ್ಲದ ಮುದುಕಿಯ ಒಲೆಯನ್ನು ಆರಿಸಿ ಭೂಮಿಯನ್ನು ತಂಪಾಗಿಸಹೊರಡುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ. ಮೊದಲು ಅವಳ ಮನೆ ಬೆಚ್ಚಗಾಗಲಿ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವುದು ಲೋಕದ ರೂಢಿ. ಯುದ್ಧಕಾಲದ ಚಳಿಯ ಹೊಳೆಯನ್ನೂ ವಿದ್ಯುತ್ತಿಲ್ಲದ ಕತ್ತಲೆಯ ಹೊಳೆಯನ್ನೂ ಐರ್ಲೆಂಡನ್ನು ದಾಟಿಸಿದವರು ಈ ಜೌಗಿನ ಕಾರ್ಮಿಕರು. ಅವರು ಕದ್ದು ಮಾಡಿದ ಕೆಲಸವಲ್ಲ ಅದು. ದೇಶವೇ ಕರೆದು, ರಾಷ್ಟ್ರನಿರ್ಮಾಣವೆಂದು ಹೊಗಳಿ ಮಾಡಿಸಿದ ಕೆಲಸ. ಅದೇ ಕೆಲಸ ಇಂದು ಭೂಮಿಗೆ ಅಪಾಯಕಾರಿಯೆಂದು ತಿಳಿದಾಗ ಅದನ್ನು ನಿಲ್ಲಿಸುವುದು ವಿವೇಕ. ಆದರೆ ನಿಲ್ಲಿಸುವ ದಿನವನ್ನು ಗೊತ್ತುಮಾಡುವ ಮೇಜಿನ ಮೇಲೆಯೇ, ಅದೇ ದಿನ, ಆ ಕಾರ್ಮಿಕನ ಮರುದಿನದ ಸಂಬಳದ ಲೆಕ್ಕವೂ ಇರಬೇಕು. ಕಲ್ಲಿದ್ದಲು, ಗಣಿ, ತೈಲ ಎಂದು ಇಂಥ ಬಾಗಿಲುಗಳು ಜಗತ್ತಿನಲ್ಲಿ ಇನ್ನೂ ಎಷ್ಟೋ ಮುಚ್ಚಬೇಕಾಗಿದೆ. ಐರ್ಲೆಂಡಿನ ಮಧ್ಯಪ್ರಾಂತದಲ್ಲಿ ಆ ಲೆಕ್ಕ ತಡವಾಗಿ ಆರಂಭವಾಯಿತು, ಇನ್ನೂ ಮುಗಿದಿಲ್ಲ. ಮುಂದಿನವರಾದರೂ ಅದನ್ನು ಮೊದಲೇ ಬರೆದಿಡಲಿ.